ಅಕ್ಕ ಮೆಟ್ಟಿಲು ಏರಿದ ಬಗೆ

ನನ್ನ ಅಕ್ಕ ಗಂಗೂಬಾಯಿ ನೆಲ ನೋಡದೆ ಹೆಜ್ಜೆ ಇಟ್ಟವಳಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಅವಳ ಜೊತೆ ಬಸದಿಗೆ ಹೊರಟವರಿಗೆ ಅದರ ಕಷ್ಟ ಗೊತ್ತು. ಬಸದಿ ಇರುವುದು ಮನೆಯಿಂದ ಕೂಗಳತೆಯಲ್ಲಿ. ಆದರೂ ಮಳೆಗಾಲದಲ್ಲಿ ನಾವಿಬ್ಬರೂ ಹೋಗಿ ಮುಟ್ಟುವಷ್ಟರಲ್ಲಿ ಅಭಿಷೇಕ ಮುಗಿದಿರುತ್ತದೆ. ದಾರಿಯಲ್ಲಿ ಇರುವೆಸಾಲು ಕಂಡರೆ ಅಕ್ಕ ನಿಂತುಬಿಡುತ್ತಾಳೆ. ದಾಟಿ ಹೋಗು ಎಂದರೆ, "ತಡೀ, ಹಿಂದಿಂದು ಬರಾಕತ್ತೈತಿ" ಎನ್ನುತ್ತಾಳೆ. ಇರುವೆಸಾಲಿನಲ್ಲಿ ಹಿಂದಿನದು ಎಂಬುದು ಎಂದಾದರೂ ಮುಗಿಯುತ್ತದೆಯೇ? ಬಿಸಿಲಿರಲಿ, ಮಳೆ ಇರಲಿ, ಅವಳು ನಿಂತರೆ ನಾನೂ ನಿಲ್ಲಬೇಕು.

ನಾನು ಜಯಪಾಲ, ಅವಳ ತಮ್ಮ. ನಾವು ಹುಟ್ಟಿದ್ದು ಕಾಗವಾಡದಲ್ಲಿ. ಅಕ್ಕನನ್ನು ಉಗಾರ ಬುದ್ರುಕಿಗೆ ಕೊಟ್ಟರು. ಮುಂದೆ ನನಗೂ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಅದೇ ಓಣಿಗೆ ಬಂದು ಮನೆ ಮಾಡಿದೆ. ಕಬ್ಬಿನ ಗಾಡಿಗಳನ್ನು ಸರದಿಯಲ್ಲಿ ಒಳಗೆ ಬಿಡುವುದು ನನ್ನ ಕೆಲಸವಾಗಿತ್ತು. ದಿನವಿಡೀ ಚಾಲಕರ ಜೊತೆ ಗಂಟಲು ಹರಿದುಕೊಂಡವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಿವೃತ್ತನಾದ ಮೇಲೂ ಅದು ಅಲ್ಲಿಂದ ಇಳಿದಿಲ್ಲ. ನಾವು ಜೈನರು, ನಾನೂ ನೀರು ಸೋಸಿ ಕುಡಿಯುವವನೇ, ಹೊತ್ತು ಮುಳುಗುವ ಮೊದಲು ಊಟ ಮುಗಿಸುವವನೇ. ಆದರೆ ಎಲ್ಲದಕ್ಕೂ ಒಂದು ಅಳತೆ ಬೇಡವೇ? ಅಕ್ಕನಿಗೆ ಅಳತೆ ಇಲ್ಲ. ಮೆಂತ್ಯದ ಸೊಪ್ಪನ್ನು ಅವಳು ಒಂದೊಂದೇ ಎಲೆಯಾಗಿ ಬೆಳಕಿಗೆ ಹಿಡಿದು ನೋಡುವುದನ್ನು ಕಂಡರೆ, ಪಲ್ಯ ಇವತ್ತಿನದೋ ನಾಳೆಯದೋ ಎಂದು ಅನುಮಾನವಾಗುತ್ತದೆ.

ಇಂಥ ಅಕ್ಕನಿಗೆ ಓಣಿಯಲ್ಲಿ ಮರ್ಯಾದೆ ಇರುವುದು ಇದಕ್ಕಲ್ಲ, ಅವಳ ಕೈಗೆ. ಕೂಸಿಗೆ ಎರೆಯುವುದರಲ್ಲಿ ಅವಳದು ಎತ್ತಿದ ಕೈ. ಈಗ ಟ್ರ್ಯಾಕ್ಟರ್ ಓಡಿಸುವ ಗಂಡಸರು ಕೂಡ ಒಂದು ಕಾಲಕ್ಕೆ ಅವಳ ಮೊಣಕಾಲ ಮೇಲೆ ಬೋರಲು ಬಿದ್ದು ಅತ್ತವರು. ಮಣೆಯ ಮೇಲೆ ಕೂತು, ಕಾಲು ಚಾಚಿ, ಅದರ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ ನೀರು ಹಾಕಿ, ಕೊನೆಗೆ ಬೆನ್ನು ತಟ್ಟುತ್ತಾಳೆ. ಆ ತಟ್ಟುವುದರಲ್ಲಿ ಒಂದು ಬಗೆ ಇದೆ. ಅಂಗೈಯನ್ನು ಗುಂಡಿ ಮಾಡಿ ಒಮ್ಮೆ ತಟ್ಟುತ್ತಾಳೆ, ತಡೆಯುತ್ತಾಳೆ, ಮತ್ತೆ ತಟ್ಟುತ್ತಾಳೆ. ನಡುವೆ ಯಾಕೆ ತಡೆಯುತ್ತೀ ಎಂದು ನಾನು ಒಮ್ಮೆ ಕೇಳಿದ್ದೆ.

"ಬಂದೀನಿ ಅಂತ ಅದಕ್ಕ ಗೊತ್ತಾಗಬೇಕಲ್ಲೋ" ಅಂದಳು.

ಅವಳ ಮಗ ನಿತಿನ ಒಳ್ಳೆಯವನು, ಕಬ್ಬಿನ ಬೇಸಾಯದಲ್ಲಿ ಪಳಗಿದವನು. ಹೊಳೆಯ ನೀರು ಒಳಗೆ ಬಂದು ಹಳೆಯ ಮಣ್ಣಿನ ಗೋಡೆಗಳು ಕೂತುಹೋದ ಮೇಲೆ, ಅದೇ ಜಾಗದಲ್ಲಿ ಮಹಡಿ ಮನೆ ಕಟ್ಟಿಸಿದ. ಮುಂದೆ ನೀರು ಬಂದರೂ ಮೇಲೆ ಇರಬಹುದು ಎಂಬುದು ಅವನ ವಿಚಾರ. ವಿಚಾರವೇನೋ ಸರಿ. ಆದರೆ ಮೆಟ್ಟಿಲಿಗೆ ಕರಿಯ ಗ್ರಾನೈಟ್ ಹಾಕಿಸಿದ. ಅದನ್ನು ಎಷ್ಟು ನುಣ್ಣಗೆ ತಿಕ್ಕಿಸಿದ್ದನೆಂದರೆ, ಅದರಲ್ಲಿ ಮುಖ ನೋಡಿಕೊಂಡು ಕ್ರಾಪು ತೆಗೆಯಬಹುದಿತ್ತು. ಅಕ್ಕನ ಕೋಣೆ ಕೆಳಗೇ ಇದ್ದುದರಿಂದ ಅವಳಿಗೆ ಆ ಮೆಟ್ಟಿಲಿನ ಹಂಗಿರಲಿಲ್ಲ.

ಹಂಗು ಬಂದದ್ದು ನಿತಿನನ ಮಗಳು ಶೈಲಾ ನಿಪ್ಪಾಣಿಯಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ. ಹೆಣ್ಣು ಕೂಸು ಹುಟ್ಟಿತು. ಕೆಳಗೆ ಬಂದು ಹೋಗುವವರ ಗದ್ದಲ, ಗಾಳಿ, ದೃಷ್ಟಿ ಎಂದು ಬಾಣಂತಿಯನ್ನು ಮಹಡಿಯ ಕೋಣೆಯಲ್ಲಿ ಇಟ್ಟರು. ಅಲ್ಲೇ ಬಚ್ಚಲು, ಅಲ್ಲೇ ಬಿಸಿನೀರು. ಅಕ್ಕ ದಿನಾ ಬೆಳಿಗ್ಗೆ ಬರಿಗಾಲಲ್ಲಿ, ಒಂದೊಂದೇ ಮೆಟ್ಟಿಲನ್ನು ನೋಡಿಕೊಂಡು ಮೇಲೆ ಹೋಗಿ ಮರಿಮೊಮ್ಮಗಳಿಗೆ ಎರೆದು ಬರುತ್ತಿದ್ದಳು. ಆ ದಿನಗಳಲ್ಲಿ ಅವಳ ಮುಖ ನೋಡಬೇಕಿತ್ತು. ತನ್ನ ಮದುವೆಯಲ್ಲೂ ಅಕ್ಕ ಅಷ್ಟು ಕಳೆಕಳೆಯಾಗಿರಲಿಲ್ಲ.

ಒಂದು ದಿನ ಎರೆದು ಇಳಿಯುವಾಗ ಪಾದಕ್ಕೆ ಎಣ್ಣೆ ಹತ್ತಿತ್ತು. ಗ್ರಾನೈಟ್ ಕಾಯುತ್ತಲೇ ಇತ್ತೇನೋ, ಜಾರಿಸಿಯೇಬಿಟ್ಟಿತು. ಕಂಬಿ ಕೈಗೆ ಸಿಕ್ಕಿದ್ದರಿಂದ ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆದರೆ ನಿತಿನ ಹೆದರಿಬಿಟ್ಟ. ಹೆದರಿದ ಗಂಡಸು ಸಿಟ್ಟಿನಲ್ಲೇ ಮಾತಾಡುತ್ತಾನೆ.

"ಅವ್ವಾ, ಇನ್ನ ನೀ ಮ್ಯಾಲ ಹತ್ತೂದ ಬ್ಯಾಡ. ಇವತ್ತು ಖಾಲಿ ಕೈಯಾಗ ಬಿದ್ದಿ. ನಾಳೆ ಕೂಸು ಕೈಯಾಗಿದ್ರ?"

ಮರುದಿನದಿಂದ ಎರೆಯಲು ಜನಾಬಾಯಿ ಎಂಬವಳನ್ನು ಗೊತ್ತುಮಾಡಿದರು. ಜನಾಬಾಯಿಯ ಕೈ ಕೆಟ್ಟದ್ದೆಂದು ನಾನು ಹೇಳಲಾರೆ. ಅವಸರದ ಕೈ, ಅಷ್ಟೇ. ಮೇಲೆ ಕೂಸು ಕಿರುಚುತ್ತಿತ್ತು, ಕೆಳಗೆ ಅಕ್ಕ ಸೆರಗಿನ ತುದಿ ತಿರುವುತ್ತ ಕೂತಿರುತ್ತಿದ್ದಳು. "ಕಿವ್ಯಾಗ ನೀರ ಬಿಟ್ಲು ನೋಡು" ಎನ್ನುತ್ತಿದ್ದಳು. ಮಹಡಿಯಲ್ಲಿ ಕಿವಿಗೆ ನೀರು ಬಿದ್ದದ್ದು ಕೆಳಗಿದ್ದವಳಿಗೆ ಹೇಗೆ ತಿಳಿಯಿತೆಂದು ನಾನು ಕೇಳಲಿಲ್ಲ. ನನಗೆ ಅವಳ ಮೇಲೆ ಕನಿಕರ ಹುಟ್ಟಿತು. ಕನಿಕರ ಹುಟ್ಟಿದರೆ ನನಗೆ ಸಿಟ್ಟೂ ಜೊತೆಗೇ ಬರುತ್ತದೆ.

ನಿತಿನನ ಹೆಂಡತಿ ರೂಪಾಲಿ ಜಾಣೆ. ಅತ್ತೆಯ ಸಂಕಟ ಅವಳಿಗೆ ಕಂಡಿತು. ತೊಳೆಯಬಹುದಾದ ಸಣ್ಣ ಗಾಲೀಚಾಗಳನ್ನು ಒಂದರ ತುದಿಗೆ ಒಂದು ಕೂಡಿಸಿ ಮೆಟ್ಟಿಲ ಉದ್ದಕ್ಕೂ ಹಾಸಿದ್ದನ್ನು ಅವಳು ಫೋನಿನಲ್ಲಿ ಎಲ್ಲೋ ನೋಡಿದ್ದಳು. ತರಿಸಿಯೇಬಿಟ್ಟಳು. ಕಂದು ಬಣ್ಣ, ಮೇಲೆ ಬಳ್ಳಿಯ ಚಿತ್ತಾರ. ನಾನು, ನಿತಿನ, ಅವಳು ಮೂವರೂ ಸೇರಿ ಎರಡೂ ಬದಿ ಅಂಟುವ ಟೇಪನ್ನು ಕೆಳಗೆ ಹಚ್ಚಿ, ಮೇಲಿನಿಂದ ಕೆಳಗಿನವರೆಗೆ ಹಾಸಿದೆವು. ಮೆಟ್ಟಿಲ ಎರಡೂ ಅಂಚಿನಲ್ಲಿ ಒಂದಿಷ್ಟು ಗ್ರಾನೈಟ್ ಬರಿದಾಗಿ ಉಳಿಯಿತು. ನೋಡಲು ಚಂದವಾಗಿತ್ತು.

"ಎಣ್ಣಿ ಬೀಳ್ಲಿ, ಅಂಟಿನುಂಡಿ ಬೀಳ್ಲಿ, ಮಷೀನಿಗೆ ಹಾಕಿದ್ರ ಮುಗೀತು ಮಾಮಾ" ಎಂದು ರೂಪಾಲಿ ಕೈ ಝಾಡಿಸಿದಳು.

ನಿತಿನ ತಾಯಿಯನ್ನು ಕರೆದ. "ಅವ್ವಾ, ಇದರ ಮ್ಯಾಲ ಕಾಲ ಊರಿ ನಡದ್ರ ಜಾರೂದಿಲ್ಲ. ನಾಳಿಂದ ನೀನಽ ಎರಿ."

ಅಕ್ಕ ಬಂದಳು. ಗಾಲೀಚಾ ನೋಡಿದಳು. ಬಗ್ಗಿ ಇನ್ನೊಮ್ಮೆ ನೋಡಿದಳು. ಆಮೇಲೆ ಗೋಡೆಯ ಕಡೆ ಸರಿದು, ಗಾಲೀಚಾ ಬಿಟ್ಟು, ಬದಿಯಲ್ಲಿ ಬರಿದಾಗಿ ಉಳಿದಿದ್ದ ಗ್ರಾನೈಟ್ ಪಟ್ಟಿಯ ಮೇಲೆ ಕಾಲಿಟ್ಟು ಹತ್ತತೊಡಗಿದಳು. ಅವಳು ಜಾರಬಾರದೆಂದು ಹಾಸಿದ ಹಾಸಿನ ಮೇಲೆ ಉಳಿದ ನಾವೆಲ್ಲ ನಡೆಯುವುದು, ಅವಳೊಬ್ಬಳು ಮಾತ್ರ ಜಾರುವ ಅಂಚಿನಲ್ಲಿ ನಡೆಯುವುದು! ಅದೂ ಅಂಗೈ ಅಗಲದ ಅಂಚು, ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡು. ನಿತಿನ ಓಡಿ ಹೋಗಿ ಹಿಡಿದು ಇಳಿಸಿದ.

"ಏನ ಮಾಡಾಕತ್ತಿ ಅವ್ವಾ? ಹಾಸಿದ್ದು ಯಾರಿಗೆ?"

"ಕೆಳಗ ಏನೈತಿ ಅಂತ ಕಾಣಸೂದಿಲ್ಲಪಾ" ಅಂದಳು ಅಕ್ಕ.

ನನಗೆ ತಟ್ಟನೆ ತಿಳಿಯಿತು. ಹಿಂದೆ ನಮ್ಮ ಬಸದಿಗೆ ಒಬ್ಬ ಮುನಿ ಮಹಾರಾಜರು ಬಂದಿದ್ದರು. ಅವರ ಸ್ವಾಗತಕ್ಕೆಂದು ನಾವು ಗಂಡಸರೆಲ್ಲ ಸೇರಿ ಬಾಗಿಲಿನಿಂದ ವೇದಿಕೆಯವರೆಗೆ ಕೆಂಪು ಹಾಸು ಹಾಸಿದ್ದೆವು. ಮಹಾರಾಜರು ಬಂದವರೇ ಹಾಸಿನ ಪಕ್ಕಕ್ಕೆ ಸರಿದು ಬರಿ ನೆಲದ ಮೇಲೆ ನಡೆದುಹೋದರು. ಹಾಸಿನ ಅಡಿಯಲ್ಲಿ ಯಾವ ಜೀವ ಇದೆಯೋ ಕಾಣದು, ಕಾಣದ ಕಡೆ ಕಾಲಿಡಬಾರದು ಎಂದು ಆಮೇಲೆ ಯಾರೋ ಹೇಳಿದರು. ನಾನು ಮರೆತುಬಿಟ್ಟೆ. ಅಕ್ಕ ಅದನ್ನು ಗಂಟು ಹಾಕಿಕೊಂಡಿದ್ದಳು.

"ಅವರು ಮುನಿಗೋಳು ಅಕ್ಕಾ. ನೀ ಸಂಸಾರಸ್ಥಳು. ಹಂಗಂದ್ರ ಹಾಸಿಗಿ ಕೆಳಗ ಏನೈತಿ ಅಂತ ನೋಡಿ ಮಲಗ್ತೀಯೇನ?" ಎಂದೆ.

"ಹೂಂ. ನೋಡೇ ಮಲಗ್ತೀನಿ."

ನಿಜವೇ. ದಿನಾ ಸಂಜೆ ಹಾಸಿಗೆ ಮಗುಚಿ ನೋಡಿಯೇ ಮಲಗುತ್ತಾಳೆ. ಕೇಳಿದ್ದು ನನ್ನದೇ ತಪ್ಪು.

ರೂಪಾಲಿ ಸಮಾಧಾನದಿಂದ ಹೇಳಿದಳು: "ಅತ್ತಿ, ಇದು ತೊಳಿಯೂ ಗಾಲೀಚಾರಿ. ಬೇಕಂದ್ರ ದಿನಾ ಮಷೀನಿಗೆ ಹಾಕ್ತೀನಿ. ತೊಳದಮ್ಯಾಲ ಒಂದ ಹುಳಾನೂ ಇರೂದಿಲ್ಲ."

"ತೊಳಿಯೂಕಿಂತ ಮದ್ಲ ಅದರಾಗ ಇದ್ದದ್ದು ಎಲ್ಲಿ ಹೋಗ್ತೈತವ್ವಾ?"

ರೂಪಾಲಿ ನನ್ನ ಮುಖ ನೋಡಿದಳು. ನಾನು ನಿತಿನನ ಮುಖ ನೋಡಿದೆ. ನಿತಿನ ಫೋನು ನೋಡಿದ.

"ಮಾಳಗಿ ಮ್ಯಾಲ ಒಯ್ದು ಝಾಡಿಸಿ ಆಮ್ಯಾಲ ಹಾಕೂಣು" ಎಂದೆ ನಾನೇ, ಮಧ್ಯಸ್ಥಿಕೆಗೆ.

"ಅಲ್ಲಿಂದ ಕೆಳಗ ಬಿದ್ರ?"

"ಇರುವಿ ಬಿದ್ರ ಸಾಯೂದಿಲ್ಲ ಅಕ್ಕಾ, ಹಗುರ ಇರ್ತಾವ."

"ನೀ ಕೇಳಿ ನೋಡಿಯೇನ?"

ತಾಯಿ ಅಂಚಿನಲ್ಲಿ ನಡೆಯಬಾರದೆಂದು ನಿತಿನ ಮಾತು ತೆಗೆದುಕೊಂಡು, ಅಂಗಳದಲ್ಲಿದ್ದ ಸಣ್ಣ ಹೂವಿನ ಕುಂಡಗಳನ್ನೆಲ್ಲ ತಂದು ಮೆಟ್ಟಿಲ ಎರಡೂ ಬದಿಗೆ ಒಂದೊಂದಾಗಿ ಇಟ್ಟ. ಹತ್ತುವುದಾದರೆ ನಡುವೆ ಹಾಸಿನ ಮೇಲೇ ಹತ್ತಬೇಕು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗಾಯಿತು. ಬಂದವರೆಲ್ಲ ಮೆಟ್ಟಿಲ ಅಲಂಕಾರ ಹೊಗಳಿದರು. ಅಕ್ಕ ಮಾತ್ರ ಕೆಳಗೇ ಉಳಿದಳು.

ಅವಳಿಗಾಗಿ ರೂಪಾಲಿ ಒಂದು ದಾರಿ ಮಾಡಿದಳು. ಜನಾಬಾಯಿ ಎರೆದು ಹೋದ ಮೇಲೆ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕೆಳಗೆ ತಂದು ಅಕ್ಕನ ಮಡಿಲಲ್ಲಿ ಇಡುತ್ತಿದ್ದಳು. ಅಕ್ಕ ಬೆನ್ನು ತಟ್ಟುತ್ತಿದ್ದಳು, ಕೂಸು ತೇಗುತ್ತಿತ್ತು. ಆದರೆ ಎರೆಯುವ ಆಸೆ ಅಕ್ಕನನ್ನು ಬಿಡಲಿಲ್ಲ. ಹಾಸಿನ ಅಡಿ ಏನೂ ಇಲ್ಲವೆಂದು ಕಣ್ಣಾರೆ ನೋಡಿದರೆ ಕಾಲಿಡಬಹುದಲ್ಲ ಎಂದು ಲೆಕ್ಕ ಹಾಕಿದಳು. ಅವತ್ತಿನಿಂದ ಬೆಳಗಾಗುತ್ತಲೇ ಮೆಟ್ಟಿಲ ಬುಡದಲ್ಲಿ ಕೂತು, ಕೈಗೆ ಎಟುಕುವಷ್ಟು ಹಾಸು ಎತ್ತಿ, ಮೆತ್ತನೆಯ ಕಸಬರಿಗೆಯಿಂದ ಗುಡಿಸಿ, ಮತ್ತೆ ಹಾಸುತ್ತಿದ್ದಳು. ಆದರೆ ಬಾಣಂತಿಗೆಂದು ಮೇಲೆ ಒಯ್ಯುವ ಬೆಲ್ಲದ ಅಂಟಿನುಂಡಿಯ ತುಣುಕು ದಿನವೂ ಬೀಳುತ್ತಿತ್ತು. ಅವಳು ಗುಡಿಸಿ ಏಳುವಷ್ಟರಲ್ಲಿ ಇರುವೆಗಳು ಇನ್ನೊಂದು ಬದಿಯಿಂದ ಒಳಗೆ ಹೊರಟಿರುತ್ತಿದ್ದವು. ಅಕ್ಕ ಮೊದಲ ಮೆಟ್ಟಿಲು ಕೂಡ ಏರಲಿಲ್ಲ.

ನಿತಿನನಿಗೆ ಮಾತ್ರ ಬೇರೆಯೇ ಹೆದರಿಕೆ ಹತ್ತಿತು. ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ: "ಮಾಮಾ, ಅವ್ವನ ತಲಿ ಸರಿ ಐತಿಲ್ಲೋ? ದಿನಾ ಹಾಸು ಕೀಳ್ತಾಳ, ದಿನಾ ಹಾಸ್ತಾಳ. ಕೂಸಿನ್ನ ಆಕಿ ಕೈಯಾಗ ಕೊಡಾಕ ನನಗ ಧೈರ್ಯ ಬರವಲ್ದು."

"ನಿಮ್ಮವ್ವನ ತಲಿ ನಿನ್ನ ತಲೀಗಿಂತ ಛಲೋ ಐತಿ" ಎಂದು ಗದರಿದೆ. ಗದರಿದೆನೇ ಹೊರತು, ಮನೆಗೆ ಬಂದ ಮೇಲೆ ನನಗೂ ಅನುಮಾನ ಹತ್ತಿತು. ಇಷ್ಟು ವರ್ಷ ಕಂಡ ಅಕ್ಕ ಇವಳೇ. ಇವಳು ಮೊದಲಿನಿಂದಲೂ ಹೀಗೆಯೇ, ಅಥವಾ ಈಗ ಹೆಚ್ಚಾಗಿದೆಯೇ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮರುದಿನವೇ ಆಗಬಾರದ್ದು ಆಯಿತು. ಅಕ್ಕ ಎಂದಿನಂತೆ ಹಾಸು ಎತ್ತಿದಾಗ ಟೇಪಿಗೆ ಇರುವೆಗಳು ಅಂಟಿಕೊಂಡದ್ದು ಕಂಡಿತು. ಒಂದೆರಡಲ್ಲ, ಒಂದು ಸಾಲು. ಕೆಲವು ಇನ್ನೂ ಕಾಲು ಆಡಿಸುತ್ತಿದ್ದವಂತೆ. ಬಿಡಿಸಲು ಹೋದರೆ ಕಾಲು ಅಲ್ಲೇ ಉಳಿದು ಮೈ ಕಿತ್ತು ಬರುತ್ತದೆ. ಅಕ್ಕ ಅಳುತ್ತ, ಕೆಳಗಿನ ಮೆಟ್ಟಿಲುಗಳ ಟೇಪನ್ನೆಲ್ಲ ಸುಲಿದು ತೆಗೆದಳು. ಹಾಸನ್ನು ಮತ್ತೆ ಹಾಗೆಯೇ ಹರಡಿ, ನಿತಿನನಿಗೆ ಬಂದು ಹೇಳಿದರಾಯಿತೆಂದು, ಸಂಕಟ ತಡೆಯಲಾರದೆ ಬಸದಿಗೆ ಹೋದಳು. ಅವಳು ತಿರುಗಿ ಬಂದು ಹೊಸ್ತಿಲು ದಾಟುವುದಕ್ಕೂ, ರೂಪಾಲಿ ಕೂಸನ್ನೆತ್ತಿಕೊಂಡು ಕೆಳಗಿನ ಮೆಟ್ಟಿಲಿಗೆ ಕಾಲಿಡುವುದಕ್ಕೂ ಸರಿಹೋಯಿತು.

ನಾನು ಬಾಗಿಲಲ್ಲೇ ಇದ್ದೆ. ಹಾಸು ರೂಪಾಲಿಯ ಕಾಲಡಿಯಿಂದ ಸರ್ರನೆ ಸರಿಯಿತು. ಅವಳು ಕೂಸನ್ನು ಎದೆಗೆ ಅವಚಿಕೊಂಡು ಕೂತಲ್ಲೇ ಕೆಳಗೆ ಜಾರಿ ಬಂದಳು. ಎರಡು ಕುಂಡ ಉರುಳಿ ಒಡೆದವು. ಕೂಸಿಗೆ ಏನೂ ಆಗಲಿಲ್ಲ. ಸತ್ಯ ಹೇಳಬೇಕೆಂದರೆ ಅದು ಎಚ್ಚರ ಕೂಡ ಆಗಲಿಲ್ಲ. ರೂಪಾಲಿಗೆ ಮಾತ್ರ ಸೊಂಟದ ಕೆಳಗೆ ಪೆಟ್ಟು ಬಿದ್ದು ಏಳಲಾಗಲಿಲ್ಲ. ಅಕ್ಕ ಬಸದಿಯಿಂದ ತಂದ ಗಂಧೋದಕದ ಬಟ್ಟಲನ್ನು ಹೊಸ್ತಿಲ ಮೇಲಿಟ್ಟು ಮುಂದೆ ಬಂದಳು.

"ನಾ ಮಾಡೀನಿ, ಟೇಪ ನಾ ಕಿತ್ತೀನಿ" ಅಂದಳು.

ನಿತಿನ ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಹೆಂಡತಿಯನ್ನು ನೇರ ಚಿಕ್ಕೋಡಿಯ ದವಾಖಾನೆಗೆ ಕರೆದೊಯ್ದ. ಎಲುಬು ಮುರಿದಿಲ್ಲ, ಮಲಗಿಯೇ ಇರಬೇಕು ಎಂದರಂತೆ. ನಿತಿನ ಮನೆಗೆ ಬಂದವನೇ ಬಡಿಗ ಮುರಗೆಪ್ಪನನ್ನು ಕರೆಸಿ, ಪ್ರತಿ ಮೆಟ್ಟಿಲ ಸಂದಿಯಲ್ಲಿ ಹಿತ್ತಾಳೆಯ ಪಟ್ಟಿ ಇಟ್ಟು ಗಾಲೀಚಾವನ್ನು ಸ್ಕ್ರೂ ಹೊಡೆದು ಬಿಗಿಸಿದ. ಇನ್ನು ಅದನ್ನು ಯಾರೂ ಕೀಳುವಂತಿಲ್ಲ, ತೊಳೆಯುವಂತೆಯೂ ಇಲ್ಲ. ತೊಳೆಯಬಹುದೆಂದೇ ತಂದ ಗಾಲೀಚಾ ಹೀಗೆ ಮಣ್ಣು ತಿನ್ನುತ್ತ ಬಿತ್ತು. ಕೂಸನ್ನು ಕೆಳಗೆ ತರುವುದು ನಿಂತಿತು. ಯಾರೂ ತರಬೇಡಿ ಎಂದಿರಲಿಲ್ಲ, ಯಾರೂ ತರಲಿಲ್ಲ. ಅಕ್ಕ ಕೇಳಲೂ ಇಲ್ಲ.

ಅವಳು ಉಪವಾಸ ಹಿಡಿದಳು. ನಾನು ಹೋದಾಗ ಮೆಟ್ಟಿಲ ಕಡೆ ಬೆನ್ನು ಮಾಡಿ ಕೂತಿದ್ದಳು.

"ಜಯಪಾಲಾ, ಇರುವಿ ಉಳಸಾಕ ಹೋಗಿ ಕೂಸು ಕೊಲ್ಲತಿದ್ನಿ. ಹಂಗಂತ ಇರುವಿ ಸಾಯ್ಲಿ ಅಂತ ಬಿಡೂದು ಹೆಂಗ? ಯಾವುದು ಸರಿ ಇತ್ತೋ ತಮ್ಮಾ?"

"ಬಸದಿ ಉಪಾಧ್ಯೇರನ್ನ ಕೇಳಬೇಕಿತ್ತು."

"ಕೇಳ್ದೆ. ಜ್ವಾಪಾನದಿಂದ ನಡದ್ರ ಪಾಪಾ ಹತ್ತೂದಿಲ್ಲ ಅಂದ್ರು. ನಾ ಜ್ವಾಪಾನ ಮಾಡಿದ್ದಕ್ಕಽ ಅಲ್ಲೇನ ಆಕಿ ಬಿದ್ದದ್ದು?"

ನನಗೆ ಸಿಟ್ಟು ಬಂತು. ಅಕ್ಕನ ಮೇಲಲ್ಲ, ಉತ್ತರ ಗೊತ್ತಿಲ್ಲದ ನನ್ನ ಮೇಲೆ. ಇಡೀ ಜನ್ಮ ಗಾಡಿಗಳಿಗೆ ನೀನು ಮುಂದೆ, ನೀನು ಹಿಂದೆ ಎಂದು ಹೇಳಿದವನು ನಾನು. ಕೂಸು ಮುಂದೆ, ಇರುವೆ ಹಿಂದೆ ಎಂದು ಹೇಳುವುದು ಎಷ್ಟು ಸುಲಭ! ಆದರೆ ಅವಳ ಮುಖ ನೋಡಿದರೆ ಆ ಮಾತು ಬಾಯಿಗೆ ಬರಲಿಲ್ಲ. ಅವಳಿಗೆ ಅದು ಗೊತ್ತಿಲ್ಲದ ಮಾತೇನೂ ಅಲ್ಲ. ನಾನು ಎದ್ದು ಮನೆಗೆ ಬಂದು, ಚಹಾ ಆರಿಹೋಗಿದೆ ಎಂದು ಹೆಂಡತಿಯ ಮೇಲೆ ರೇಗಿದೆ.

ಕೆಲವು ದಿನ ಹೀಗೇ ಹೋದವು. ಒಂದು ಬೆಳಿಗ್ಗೆ ಜನಾಬಾಯಿ ಬರಲಿಲ್ಲ. ರಾಯಬಾಗದಲ್ಲಿ ಅವಳ ಸಂಬಂಧಿಕರ ಮನೆಯಲ್ಲಿ ಸಾವಾಗಿತ್ತಂತೆ. ನಿತಿನ ಹೊಲಕ್ಕೆ ಹೋಗಿದ್ದ, ರೂಪಾಲಿ ಹಾಸಿಗೆ ಹಿಡಿದಿದ್ದಳು. ಮೇಲೆ ಶೈಲಾ ಒಬ್ಬಳೇ. ಹೊಸ ತಾಯಿ, ಅವಳಿಗೆ ಕೂಸಿನ ಕುತ್ತಿಗೆ ಹಿಡಿಯಲೂ ಭಯ. ಕೂಸು ಹೊಟ್ಟೆ ಹಿಡಿದುಕೊಂಡಂತೆ ಕಿರುಚುತ್ತಿತ್ತು. ಓಣಿಯಲ್ಲಿ ಹೋಗುತ್ತಿದ್ದ ನನಗೇ ಕೇಳಿಸಿ ಒಳಗೆ ಬಂದೆ.

"ಆಯೀ!" ಎಂದು ಶೈಲಾ ಮೇಲಿನಿಂದ ಅಳುತ್ತ ಅಜ್ಜಿಯನ್ನು ಕೂಗಿದಳು. "ಕಾಲ ಮಡಚಾಕತ್ತೈತಿ, ಹಾಲಽ ಕುಡಿವಲ್ದು. ಏನ ಮಾಡ್ಲಿ ಆಯೀ?"

ಅಕ್ಕ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಎರಡು ಬದಿಗೆ ಕುಂಡ, ನಡುವೆ ಬಿಗಿದ ಗಾಲೀಚಾ. ಎತ್ತಿ ನೋಡುವಂತಿಲ್ಲ, ಅಂಚಿನಲ್ಲಿ ಸಾಗುವಂತಿಲ್ಲ. ಅತ್ತ ದರಿ, ಇತ್ತ ಪುಲಿ. ನಾನೇ ಮೇಲೆ ಹೋಗಿ ಕೂಸನ್ನು ತರಬಹುದಿತ್ತು, ಆದರೆ ರೂಪಾಲಿ ಬಿದ್ದದ್ದನ್ನು ಕಂಡ ಮೇಲೆ ಕೂಸನ್ನೆತ್ತಿಕೊಂಡು ಆ ಮೆಟ್ಟಿಲು ಇಳಿಯುವ ಧೈರ್ಯ ನನಗಿರಲಿಲ್ಲ.

"ಅಕ್ಕಾ, ಕುಂಡ ಸರಸ್ತೀನಿ" ಎಂದೆ.

"ಬ್ಯಾಡ. ಅಂಚಿನ್ಯಾಗ ಹತ್ತೂದಿಲ್ಲಂತ ನಿತಿನಗ ಮಾತ ಕೊಟ್ಟೀನಿ."

"ಹಂಗಾರ ಹಾಸಿನ ಮ್ಯಾಲ ಕಾಲಿಡು. ನಾ ಹಿಡಕೋತೀನಿ."

ಅವಳು ಕಾಲು ಎತ್ತಿದಳು. ಕಾಲು ಗಾಳಿಯಲ್ಲೇ ನಿಂತಿತು. ಮತ್ತೆ ಕೆಳಗಿಟ್ಟಳು. ಮೇಲೆ ಕೂಸಿನ ದನಿ ಒಡೆದು ಉಸಿರು ಸಿಕ್ಕಿಕೊಂಡಂತಾಯಿತು. ಆಗ ಅಕ್ಕ ಥಟ್ಟನೆ ತಿರುಗಿ ನಿಂತು, ಮೆಟ್ಟಿಲಿಗೆ ಬೆನ್ನು ಮಾಡಿದಳು. ಅಂಗೈ ಗುಂಡಿ ಮಾಡಿ ಹಿಂದಿನ ಮೆಟ್ಟಿಲ ಮೇಲಿನ ಹಾಸನ್ನು ಒಮ್ಮೆ ತಟ್ಟಿದಳು. ತಡೆದಳು. ಮತ್ತೆ ತಟ್ಟಿದಳು. ಆಮೇಲೆ ಅದರ ಮೇಲೆ ಕೂತಳು. ಕೂತಲ್ಲಿಂದಲೇ ಹಿಂದೆ ಕೈ ಚಾಚಿ ಮೇಲಿನ ಮೆಟ್ಟಿಲನ್ನು ತಟ್ಟಿದಳು, ತಡೆದಳು, ಕೈಯೂರಿ ಮೈ ಎತ್ತಿ ಅದರ ಮೇಲೆ ಸರಿದಳು.

ಕೂಸಿಗೆ ಎರೆದು ಬೆನ್ನು ತಟ್ಟುವ ಅದೇ ಕೈ, ಅದೇ ಬಗೆ. ನಾನು ಕೆಳಗೆ ನಿಂತು ಬಾಯಿ ಬಿಟ್ಟು ನೋಡುತ್ತಿದ್ದೆ. ಇದು ನಗುವ ನೋಟವೋ ಅಳುವ ನೋಟವೋ ನನಗೆ ತಿಳಿಯಲಿಲ್ಲ. ವಯಸ್ಸಾದ ಹೆಂಗಸು, ಒಂಬತ್ತು ಮೊಳದ ಸೀರೆ ಕಾಲಿಗೆ ಸುತ್ತಿಕೊಂಡು, ಕುಂಡಗಳ ನಡುವೆ, ಹಿಂದುಮುಂದಾಗಿ ಮಹಡಿ ಏರುತ್ತಿದ್ದಾಳೆ. ಬೇಗ ಹತ್ತು ಎಂದು ಕೂಗಬೇಕೆನಿಸಿತು. ಆದರೆ ಅವಳು ತಟ್ಟಿ ತಡೆಯುವಾಗ ನಾನೂ ಉಸಿರು ಹಿಡಿದೆ. ಕೆಳಗಿನ ಜೀವಕ್ಕೆ ಆ ತಟ್ಟು ಕೇಳಿಸಿತೇ, ಅದು ಸರಿಯಿತೇ, ಯಾರಿಗೆ ಗೊತ್ತು? ಮೇಲಿನ ತುದಿ ಮುಟ್ಟಿದಾಗ ಅವಳ ರವಿಕೆ ಬೆವರಿನಿಂದ ತೊಯ್ದುಹೋಗಿತ್ತು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ನೀರಿನ ಸದ್ದು ಕೇಳಿಸಿತು, ಆಮೇಲೆ ಬೆನ್ನು ತಟ್ಟುವ ಸದ್ದು. ಕೂಸು ದೊಡ್ಡದಾಗಿ ತೇಗಿ ಸುಮ್ಮನಾಯಿತು. ಕೆಳಗಿನ ಕೋಣೆಯಲ್ಲಿ ಮಲಗಿದ್ದ ರೂಪಾಲಿ, "ಅತ್ತಿ ಹತ್ತಿದ್ರೇನ್ರಿ ಮಾಮಾ?" ಎಂದು ಕೇಳಿದಳು. ಹೌದು ಎಂದೆ. "ಹಾಸಿನ ಮ್ಯಾಲನಽ?" ಎಂದಳು. "ಹೆಂಗೋ ಹತ್ತಿದ್ಳು" ಎಂದೆ.

ನಿತಿನ ಮಧ್ಯಾಹ್ನ ಬಂದವನು ಮೇಲೆ ಹೋಗಿ ನೋಡಿದ. ತಾಯಿ ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ತಾನೂ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ನಡೆದದ್ದನ್ನು ನಾನೇ ಹೇಳಿದೆ. ಅವನು ತಾಯಿಯ ಪಕ್ಕದಲ್ಲಿ ಕೂತು, ಭುಜ ಮುಟ್ಟಿ ಎಬ್ಬಿಸಿದ.

"ಅವ್ವಾ, ತಟ್ಟಿದ್ರ ಅವು ಸರೀತಾವೇನ?" ಎಂದು ಕೇಳಿದ. ಕೇಳಿದ ದನಿಯಲ್ಲಿ ಹಾಸ್ಯ ಇರಲಿಲ್ಲ.

"ಗೊತ್ತಿಲ್ಲಪಾ" ಅಂದಳು ಅಕ್ಕ. "ಬಂದೀನಿ ಅಂತ ಹೇಳೀನಿ. ಅಷ್ಟಽ ನನ್ನ ಕೈಯಾಗ ಇದ್ದದ್ದು."

ಮರುದಿನ ನಿತಿನ ಕುಂಡಗಳನ್ನು ತಾನೇ ಹೊತ್ತು ಅಂಗಳಕ್ಕೆ ಇಟ್ಟ. ಜನಾಬಾಯಿಗೆ ಇನ್ನು ಬರುವುದು ಬೇಡವೆಂದು ಹೇಳಿ ಕಳಿಸಿದ. ಬಾಣಂತನ ಮುಗಿಯುವವರೆಗೆ ಅಕ್ಕ ದಿನಾ ಹಾಗೆಯೇ ತಟ್ಟಿ ತಟ್ಟಿ ಏರಿದಳು, ಹಾಗೆಯೇ ತಟ್ಟಿ ತಟ್ಟಿ ಇಳಿದಳು. ನಿತಿನ ಹೊಲಕ್ಕೆ ಹೋಗುವ ಮೊದಲು ಅವಳ ಕೆಳಗಿನ ಮೆಟ್ಟಿಲಲ್ಲಿ ಕೈ ಚಾಚಿ ನಿಂತಿರುತ್ತಿದ್ದ. ಎಷ್ಟೇ ಅವಸರವಿದ್ದರೂ ಬೇಗ ಅನ್ನಲಿಲ್ಲ. ನಾನೂ ಎಷ್ಟೋ ಸಲ ಆ ಮೆಟ್ಟಿಲು ಹತ್ತಿದ್ದೇನೆ. ಕಾಲಿಡುವ ಮೊದಲು ಹೆಬ್ಬೆರಳಿನಿಂದ ಹಾಸನ್ನು ಸಣ್ಣಗೆ ತಟ್ಟುವ ಚಾಳಿ ನನಗೂ ಹತ್ತಿದೆ. ಯಾರಾದರೂ ನೋಡಿದರೆ ಕಾಲಿಗೆ ಜೋಮು ಹಿಡಿದಿದೆ ಎನ್ನುತ್ತೇನೆ.

ಶೈಲಾ ಕೂಸಿನೊಡನೆ ನಿಪ್ಪಾಣಿಗೆ ಹೋದಳು. ಕೂಸು ಅಂಬೆಗಾಲಿಡುವ ವಯಸ್ಸಿಗೆ ಮತ್ತೆ ತವರಿಗೆ ಬಂದಳು. ಅವತ್ತು ನಾವೆಲ್ಲ ಕೆಳಗೆ ಕೂತು ಚಹಾ ಕುಡಿಯುತ್ತಿದ್ದೆವು. ಕೂಸು ಸರಸರ ಅಂಬೆಗಾಲಿಟ್ಟು ಮೆಟ್ಟಿಲ ಬುಡಕ್ಕೆ ಹೋಯಿತು. ಶೈಲಾ ಎದ್ದಳು, ನಿತಿನ ಅವಳ ಕೈ ಹಿಡಿದು ತಡೆದ. ಕೂಸು ಮೊದಲ ಮೆಟ್ಟಿಲ ಹಾಸನ್ನು ಪುಟ್ಟ ಅಂಗೈಯಿಂದ ತಟ್ಟಿತು. ತಡೆಯಿತು. ಮತ್ತೆ ತಟ್ಟಿತು. ಆಮೇಲೆ ಮೊಣಕಾಲೂರಿ ಹತ್ತಿತು. ಬಾಣಂತಿಯ ಕೋಣೆಯಲ್ಲಿ ಬೆನ್ನ ಮೇಲೆ ಬಿದ್ದ ತಟ್ಟು ಕೂಸಿನ ಮೈಗೆ ನೆನಪಿತ್ತೋ, ಅಥವಾ ಎಲ್ಲ ಕೂಸುಗಳೂ ಸಿಕ್ಕಿದ್ದನ್ನು ತಟ್ಟುತ್ತವೆಯೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಅಕ್ಕನ ಕಣ್ಣು ಮಾತ್ರ ತುಂಬಿ ಬಂತು.

ಎರಡನೇ ಮೆಟ್ಟಿಲು ತಟ್ಟಿದಾಗ ಹಾಸಿನ ಅಂಚಿನಿಂದ ಒಂದು ಕರಿ ಇರುವೆ ನಿಜವಾಗಿಯೂ ಹೊರಗೆ ಬಂತು. ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದಳು. "ನೋಡ್ದಿ? ಸರೀತಾವ!" ಎನ್ನುವುದರೊಳಗೆ, ಕೂಸು ಆ ಇರುವೆಯನ್ನು ಎರಡು ಬೆರಳಿನಿಂದ ಹಿಡಿದು ಬಾಯಿಗೆ ಹಾಕಿಕೊಂಡಿತು.

"ಉಗುಳ! ಉಗುಳ ನನ್ನವ್ವಾ!" ಎಂದು ಅಕ್ಕ ಓಡಿದಳು. ನೆಲ ನೋಡದೆ ಓಡಿದಳು. ನನ್ನ ಅಕ್ಕ ನೆಲ ನೋಡದೆ ಹೆಜ್ಜೆ ಇಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಹಾಸಿನ ಮೇಲೆ ಎರಡೂ ಪಾದ ಊರಿ ನಿಂತು, ಕೂಸಿನ ಬಾಯಿಗೆ ಬೆರಳು ಹಾಕಿ ತಡಕಿದಳು. ಅಲ್ಲಿ ಏನೂ ಇರಲಿಲ್ಲ. ಕೂಸು ಅವಳ ಬೆರಳು ಕಚ್ಚಿ ನಕ್ಕಿತು.

ಅಕ್ಕ ತಾನು ಎಲ್ಲಿ ನಿಂತಿದ್ದೇನೆಂದು ಆಗ ನೋಡಿಕೊಂಡಳು. ಕಾಲು ಎತ್ತಲೋ ಬೇಡವೋ ತಿಳಿಯದೆ ಹಾಗೆಯೇ ನಿಂತು ನನ್ನ ಕಡೆ ತಿರುಗಿದಳು.

"ಈ ಪಾಪಾ ಯಾರಿಗೆ ಹತ್ತತೈತೋ ಜಯಪಾಲಾ? ಕೂಸಿಗೋ, ನನಗೋ?"

ಕೂಸು ಆಗಲೇ ಮುಂದಿನ ಮೆಟ್ಟಿಲನ್ನು ತಟ್ಟುತ್ತಿತ್ತು.